ಗುಂಡಿಗಳು ನೀಲಿ ಬಟ್ಟಲಲ್ಲಿವೆ

ವರ್ನೆಲ್,

ಸೊಪ್ಪು ಬೇಯಿಸಿಟ್ಟಿದ್ದೇನೆ. ಉಪ್ಪು ಕಡಿಮೆ, ಮೇಲೆ ಸುರಿದುಕೊಳ್ಳಬೇಡ.

ನಾನು ಹೈಸ್ಕೂಲಿನವರ ಸನ್ಮಾನಕ್ಕೆ ಹೊರಟೆ. "ಅವರ ಗೋಡೆಗೆ ನೀನೊಂದು ಪಟ ಆಗ್ತೀಯ ಅಷ್ಟೆ, ಡಾಕ್ಟ್ರಮ್ಮ" ಎಂದು ನಿನ್ನೆ ನೀನು ರೇಗಿದ್ದು ಸರಿಯೇ. ಆಹ್ವಾನಪತ್ರದಲ್ಲಿ ನನ್ನನ್ನು ತಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿನಿ ಎಂದೇ ಅಚ್ಚು ಹಾಕಿಸಿದ್ದಾರೆ. "ಆಗ ಅಲ್ಲಿಗೆ ಬಿಳಿಯರನ್ನ ಮಾತ್ರ ಸೇರಿಸ್ಕೋತಿದ್ರಪ್ಪ, ನಾನು ಓದಿದ್ದು ಕರಿಯರ ಶಾಲೆಯಲ್ಲಿ" ಎಂದು ಫೋನಿನಲ್ಲಿ ಹೇಳಿದರೆ ಪ್ರಿನ್ಸಿಪಾಲ್ ನಕ್ಕು, "ಈಗೆಲ್ಲಾ ಒಂದೇ ಅಲ್ವಾ ಮೇಡಂ!" ಅಂದ. ಎರಡೂ ಶಾಲೆಗಳನ್ನು ಹಾಗೆ ಒಂದು ಮಾಡಿದ ವರ್ಷವೇ ನಮ್ಮ ಶಾಲೆಗೆ ಬೀಗ ಹಾಕಿ, ನಾವು ಗೆದ್ದ ಕಪ್‌ಗಳನ್ನೆಲ್ಲ ತಿಪ್ಪೆಗೆ ಎಸೆದರು. ಕಸದಲ್ಲಿ ಕೈಯಾಡಿಸಿ ನೀನು ಎತ್ತಿ ತಂದದ್ದು ಒಂದೇ ಒಂದು.

ಅಷ್ಟು ರೇಗಿಯೂ ನನ್ನ ಬೂಟಿಗೆ ಪಾಲಿಶ್ ಹಚ್ಚಿಟ್ಟಿದ್ದೀಯ. ನೋಡಿದೆ, ತಂಗಿ.

ನೀನು ಅಂಗಿಯ ಗುಂಡಿ ಹಾಕಿಡುವ ಆ ಕಪ್ ಈಗ ನನ್ನ ಚೀಲದಲ್ಲಿದೆ. ಗುಂಡಿಗಳನ್ನು ನೀಲಿ ಬಟ್ಟಲಿಗೆ ಸುರಿದಿದ್ದೇನೆ. ವೇದಿಕೆ ಹತ್ತಿದೊಡನೆ ಆ ಕಪ್ ಅನ್ನು ಮೇಜಿನ ಮೇಲಿಟ್ಟು, ಅದರ ಮೇಲಿರುವ ನಮ್ಮ ಶಾಲೆಯ ಹೆಸರನ್ನು ಗಟ್ಟಿಯಾಗಿ ಓದಿ ಎಂದು ಪ್ರಿನ್ಸಿಪಾಲ್‌ಗೆ ಹೇಳುತ್ತೇನೆ. ಅವನು ಓದುವವರೆಗೆ ಅವರು ಕೊಡುವ ಸನ್ಮಾನದ ಫಲಕಕ್ಕೆ ನಾನು ಕೈ ಚಾಚುವುದಿಲ್ಲ.

ಊಟ ಅಲ್ಲೇ ಎಂದಿದ್ದಾರೆ. ಆದರೂ ನನಗೊಂದು ತಟ್ಟೆ ಇಟ್ಟಿರು.

ಅಕ್ಕ