ಆರು ವೋಲ್ಟಿನ ಗಾಡಿಗೆ ಹನ್ನೆರಡು

ಗೊಟಗೋಡಿ, ೮ ಮೇ ೧೯೭೯, ಮಂಗಳವಾರ

ಎಮ್ಮೆ ಹಿಂಡಿದ್ದಾಯಿತು. ರೊಟ್ಟಿ ಆಯಿತು. ಇವರ ಬಲಗೈಗೆ ಹೊಸ ಪಟ್ಟು ಕಟ್ಟಿಸಿಕೊಂಡು ಬಂದೆವು. ಎಲುಬು ಕೂಡುತ್ತಿದೆಯಂತೆ. ಆದರೆ ಆ ಕೈಯಲ್ಲಿ ಇನ್ನು ಟ್ರ್ಯಾಕ್ಟರಿನ ಹ್ಯಾಂಡಲ್ ತಿರುಗಿಸುವ ಮಾತೇ ಬೇಡವಂತೆ. ಏಪ್ರಿಲಿನಲ್ಲಿ ಆ ಹ್ಯಾಂಡಲ್ ತಿರುಗಿ ಒದ್ದಾಗ ಕಟಕ್ ಅಂದದ್ದು ಅಡುಗೆಮನೆಯವರೆಗೂ ಕೇಳಿತ್ತು.

ಹ್ಯಾಂಡಲ್ ಇಲ್ಲದೆ ಶುರು ಮಾಡಲು ಸೆಲ್ಫ್ ಬಟನ್ ಇದೆ. ಹೆಸರಿಗೆ. ಒತ್ತಿದರೆ ಒಮ್ಮೆ ‘ಗುಂಯ್’ ಅಂದು ಸುಮ್ಮನಾಗುತ್ತದೆ. ಹ್ಯಾಂಡಲ್ ನನ್ನ ಕೈಗೆ ಬಗ್ಗುವುದಿಲ್ಲ. ಯಾರಾದರೂ ಶುರು ಮಾಡಿಕೊಟ್ಟರೆ ಸಾಕು—ಎರಡು ವರ್ಷದಿಂದ ಹೊಲದಲ್ಲಿ ಹೊಡೆಯುವವಳು ನಾನೇ. ಇವರಿಗಿಂತ ನನ್ನ ಸಾಲು ನೆಟ್ಟಗೆ. ಇವರೇ ಒಪ್ಪಿದ ಮಾತು.

ಊಟಕ್ಕೆ ಕುಳಿತಾಗ ಇವರು ತಲೆ ಎತ್ತದೆ ಹೇಳಿದರು: “ಹಿರೇಕೆರೂರ ಮಲ್ಲೇಶಪ್ಪಗ ಮಾತು ಕೊಟ್ಟೇನಿ. ಮಳಿಗಿಂತ ಮೊದಲ ಬಂದು ಟ್ರ್ಯಾಕ್ಟರ್ ಒಯ್ತಾನ.”

ತಾಟು ಬದಿಗೆ ಸರಿಸಿ ಎದ್ದೆ.

೧೧ ಮೇ, ಶುಕ್ರವಾರ

ಶಿಗ್ಗಾಂವಿಗೆ ಹೋಗಿದ್ದೆ, ಬೀಜ ನೋಡಲು. ಬಸ್ ಸ್ಟ್ಯಾಂಡಿನ ಎದುರು ಒಂದು ಜೀಪು. ನಮ್ಮ ಟ್ರ್ಯಾಕ್ಟರಿನಷ್ಟೇ ಹಳೆಯದು, ತುಕ್ಕು ಹಿಡಿದದ್ದು. ಡ್ರೈವರ್ ಬಂದ, ಕುಳಿತ, ಒತ್ತಿದ. ಗರ್ರ್... ಶುರು! ಆಮೇಲೆ ಬೀಡಿ ತರಲು ಬಂದ್ ಮಾಡಿ ಇಳಿದ. ಮತ್ತೆ ಬಂದ. ಮತ್ತೆ ಒಂದೇ ಏಟಿಗೆ ಶುರು.

ನಾಚಿಕೆ ಬಿಟ್ಟು ಕೇಳಿದೆ. “ನಮ್ಮ ಟ್ರ್ಯಾಕ್ಟರ್ ಯಾಕ ಹಿಂಗ ಚಾಲೂ ಆಗೂದಿಲ್ಲರಿ?”

“ಹಳೇ ಪೆಟ್ರೋಲ್ ಗಾಡಿ ಏನ್ರಿ ಅಕ್ಕಾರ? ಬ್ಯಾಟರಿ ಆರು ವೋಲ್ಟಿಂದು ಇರಬೇಕು. ಇದು ಹನ್ನೆರಡು.”

ಬೀಜದ ಅಂಗಡಿಗೆ ಹೋಗುವುದೇ ಮರೆತುಹೋಯಿತು. ದಾರಿಯುದ್ದಕ್ಕೂ ಹನ್ನೆರಡು, ಹನ್ನೆರಡು.

ಅದೇ ದಿನ, ಸಂಜೆ

ಇವರಿಗೆ ಹೇಳಿದೆ. “ಆರರ ಗಾಡಿಗೆ ಹನ್ನೆರಡು ಹಚ್ಚಿದ್ರ ಸುಟ್ಟು ಬೂದಿ ಆಗತೈತಿ” ಅಂದರು.

“ಹೆಂಗಿದ್ರೂ ಮಾರಾಕತ್ತೀರಲ್ಲ, ಸುಟ್ಟರ ಏನಾತು?”

ಒಳಗಿನಿಂದ ಅತ್ತೆ ನಕ್ಕರು. ಇವರೂ ನಗಬೇಕೆಂದಿದ್ದರು... ನಗಲಿಲ್ಲ.

೧೫ ಮೇ, ಮಂಗಳವಾರ

ಸವಣೂರು! ಅತ್ತೆಯೇ ಜೊತೆಗೆ ಬಂದರು. ಬಸ್ಸಿನಲ್ಲಿ ಮೆಣಸಿನಕಾಯಿ ಚೀಲ ಅವರ ಕಾಲ ಕೆಳಗೆ. ಸುತ್ತಲಿನವರೆಲ್ಲ ಸೀನಿದ್ದೇ ಸೀನಿದ್ದು. ನಮ್ಮ ಅತ್ತೆ ಫಕ್ಕೀರವ್ವನವರು ಮಾತ್ರ ಕಿಟಕಿಯಿಂದ ಆಚೆ ನೋಡುತ್ತ ಕುಳಿತಿದ್ದರು, ಚೀಲ ಯಾರದೋ ಏನೋ ಎಂಬಂತೆ.

ಅಲ್ಲಾಭಕ್ಷ ಮಿಸ್ತ್ರಿ ಗಾಡಿಗಳ ಬ್ಯಾಟರಿ ತುಂಬಿಸುವ ಡೈನಮೋ ಕಟ್ಟುವವರು. ಮನೆಯ ಮುಂದಿನ ತಗಡಿನ ಶೆಡ್ಡೇ ಅಂಗಡಿ. ನನ್ನ ಮಾತೆಲ್ಲ ಕೇಳಿ ಕಿವಿ ತುರಿಸಿಕೊಂಡರು.

“ಈ ಕೆಲಸ ನಾನೂ ಮಾಡಿಲ್ಲ ತಂಗೆವ್ವ. ಬ್ಯಾಟರಿ ಬದಲಿ, ಡೈನಮೋ ಬದಲಿ, ಕಾಯಿಲ್ ಬದಲಿ, ಬಲ್ಬ್ ಬದಲಿ. ಸೆಲ್ಫ್ ಮೋಟರ್ ಮಾತ್ರ ಹಂಗ ಇರಲಿ, ತಡಕೋತೈತಿ ಅನಸ್ತೈತಿ. ನೋಡೂಣು. ಸುಟ್ಟರ ನನ್ನ ಬೈಯಬಾರದು.”

“ಬೈಯೂದಿಲ್ರಿ.”

“ಇವರು ಬೈತಾರೇನ?” ಅಂತ ಅತ್ತೆಯನ್ನು ನೋಡಿದರು.

“ನಾ ಬೈತೇನಿ” ಅಂದರು ಅತ್ತೆ.

ಒಡೆದ ಜೀಪಿನ ಬ್ಯಾಟರಿ, ಡೈನಮೋ ಅವರ ಬಳಿಯೇ ಇವೆ. ಅವರ ಹೆಂಡತಿ ಕುಲಸುಮಬಿ ಹೊರಗೆ ಬಂದು ಒಂದು ಮೆಣಸಿನಕಾಯಿ ಮುರಿದು, ಮೂಸಿ, ಬೀಜ ನೋಡಿ, “ರೊಕ್ಕ ಬ್ಯಾಡ, ಚೀಲ ಇಲ್ಲೇ ಇರಲಿ” ಅಂದರು. ಮುಗಿಯಿತು ವ್ಯಾಪಾರ! ಮಿಸ್ತ್ರಿಯ ಮುಖ ನೋಡಬೇಕಿತ್ತು.

೨೩ ಮೇ, ಬುಧವಾರ

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿವೆ. ಇರಲಿ.

ಮಿಸ್ತ್ರಿ ಮೊದಲ ಬಸ್ಸಿಗೇ ಬಂದರು, ಗೋಣಿಚೀಲದ ತುಂಬ ಸಾಮಾನು. ಜೀಪಿನ ಡೈನಮೋ ನಮ್ಮ ಇಂಜಿನ್ನಿಗೆ ಕೂರಲೊಲ್ಲದು. ಎರಡು ಸಲ ಕಮ್ಮಾರನ ಬಳಿ ಓಡಿದೆ, ಕಬ್ಬಿಣದ ಪಟ್ಟಿಗೆ ತೂತು ಹೊಡೆಸಲು. ಎರಡನೆಯ ಸಲ ಕೂತಿತು. ಹೊಸ ಕಾಯಿಲ್ ಹಾಕಿದರು. ಮೂರು ಮುಚ್ಚಳದ ಹಳೆ ಬ್ಯಾಟರಿ ತೆಗೆದು ಆರು ಮುಚ್ಚಳದ್ದು ಇಟ್ಟರು. ಇವರು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದರು. ಆದರೆ ಕಿವಿ ಇತ್ತ ಕಡೆಯೇ.

“ಒತ್ತವ್ವ” ಅಂದರು ಮಿಸ್ತ್ರಿ.

ಒತ್ತಿದೆ.

ಗರ್ರ್ ಅಂತ ಅರೆಗಳಿಗೆ, ಅಷ್ಟೇ... ಇಂಜಿನ್ ಶುರು! ಕೋಳಿಗಳೆಲ್ಲ ಹಾರಿ ಗೋಡೆ ಹತ್ತಿದವು. ಅತ್ತೆ ಸೌಟು ಹಿಡಿದೇ ಓಡಿ ಬಂದರು. ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ಆ ಹುರುಪಿನಲ್ಲಿ ಲೈಟಿನ ಸ್ವಿಚ್ಚನ್ನೂ ಎಳೆದೆ. ಬಲ್ಬ್ ಇನ್ನೂ ಬದಲಿಸಿರಲಿಲ್ಲ... ಎರಡೂ ಬಲ್ಬು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿದು—ಫಟ್! ಫಟ್!

“ಆತು, ಮದಿವಿ ಮೆರವಣಿಗಿ ಮುಗೀತು” ಅಂತ ಮಿಸ್ತ್ರಿ ಹೊಟ್ಟೆ ಹಿಡಿದು ನಕ್ಕರು.

ಇವರು ಯಾವಾಗ ಎದ್ದು ಬಂದರೋ. ಎಡಗೈಯನ್ನು ಬಾನೆಟ್ಟಿನ ಮೇಲೆ ಇಟ್ಟುಕೊಂಡು ನಿಂತಿದ್ದರು.

೨೫ ಮೇ, ಬೆಳಿಗ್ಗೆ

ನಿನ್ನೆ ದಿನವಿಡೀ ಹೊಲದಲ್ಲಿ ಹೊಡೆದೆ. ಇವತ್ತು ಬಟನ್ ಒತ್ತಿದರೆ ಟಕ್. ಮತ್ತೆ ಟಕ್. ಬ್ಯಾಟರಿ ಸತ್ತಿದೆ.

ಮಲ್ಲೇಶಪ್ಪ ನಾಡಿದ್ದು ಭಾನುವಾರ ಬರುತ್ತಾನೆಂದು ಸುದ್ದಿ ಬಂದಿದೆ.

ಇವರು ಎದ್ದು ಎಮ್ಮೆಗೆ ಮೇವು ಹಾಕಲು ಹೋದರು. ಬೈದಿದ್ದರೆ ಚೆನ್ನಾಗಿತ್ತು.

೨೬ ಮೇ, ಸಂಜೆ

ಶಿಗ್ಗಾಂವಿನಲ್ಲಿ ಚಾರ್ಜ್ ಮಾಡಿಸಿ, ಬ್ಯಾಟರಿಯನ್ನು ಬಸ್ಸಿನಲ್ಲಿ ಹೊತ್ತು ತಂದೆ. ಹಾಕಿದೆ. ಶುರುವಾಯಿತು. ಆದರೆ ಚಾರ್ಜ್ ತೋರಿಸುವ ಮುಳ್ಳು ಮೈನಸ್ ಕಡೆಗೇ. ಅಂದರೆ ಬ್ಯಾಟರಿ ಕೊಡುತ್ತಿದೆ, ಅದಕ್ಕೆ ಏನೂ ಬರುತ್ತಿಲ್ಲ. ಡೈನಮೋನೇ ಕೆಟ್ಟಿದ್ದರೆ? ಸವಣೂರಿಗೆ ಹೋಗಿ ಬರಲು ಹೊತ್ತೆಲ್ಲಿ?

ಇವರು ಬಗ್ಗಿ ನೋಡುತ್ತ ನಿಂತರು. ಬಹಳ ಹೊತ್ತು. “ಸರೋಜಾ, ಬೆಲ್ಟ್ ನೋಡು. ಜಾರಾಕತ್ತೈತಿ.”

ಹೌದು! ಇಂಜಿನ್ ತಿರುಗುತ್ತಿದೆ, ಡೈನಮೋ ಅರ್ಧಂಬರ್ಧ. ಬಂದ್ ಮಾಡಿದೆ. ಇವರು ಎಡಗೈಯಿಂದ ಹಾರೆ ಕೊಟ್ಟು ಡೈನಮೋವನ್ನು ಆಚೆ ಎಳೆದು ಹಿಡಿದರು. ನಾನು ಪಾನಾದಿಂದ ನಟ್ಟು ಬಿಗಿದೆ.

“ಇನ್ನೊಂದು ಸುತ್ತು” ಅಂದರು. “ಇನ್ನೊಂದು. ಸಾಕು.”

ಒತ್ತಿದೆ. ಮುಳ್ಳು ನಡುಗಿತು... ಪ್ಲಸ್! ಪ್ಲಸ್ಸಿನ ಕಡೆಗೆ ಹೋಗಿ ನಿಂತಿತು! ಇವರು ನಕ್ಕರು. ಏಪ್ರಿಲಿನಿಂದ ಈಚೆಗೆ ಇದೇ ಮೊದಲು.

ಆದರೂ ನಾಳೆ ಭಾನುವಾರ. ಕೊಟ್ಟ ಮಾತು ಕೊಟ್ಟದ್ದೇ.

೨೭ ಮೇ, ಭಾನುವಾರ

ಬರೆದುಬಿಡುತ್ತೇನೆ, ಒಂದೂ ಬಿಡದೆ.

ಮಲ್ಲೇಶಪ್ಪ ಬಂದರು. ಬಿಳಿ ಟೋಪಿ, ದಪ್ಪ ಮನುಷ್ಯ. ಎಳೆದೊಯ್ಯಲು ಹಗ್ಗ ಸಮೇತ ಇನ್ನೊಂದು ಟ್ರ್ಯಾಕ್ಟರನ್ನೇ ತಂದಿದ್ದರು. ಹಗ್ಗ ಬಿಚ್ಚತೊಡಗಿದರು. ನಾನು ಸೀದಾ ಹೋಗಿ, ಹತ್ತಿ ಕುಳಿತು, ಬಟನ್ ಒತ್ತಿದೆ. ಶುರು. ಬಂದ್ ಮಾಡಿದೆ. ಮತ್ತೆ ಒತ್ತಿದೆ. ಶುರು.

ಆ ಮನುಷ್ಯನ ಕೈಯಿಂದ ಹಗ್ಗ ಜಾರಿತು. ಇವರ ಕಡೆ ನೋಡಿದರು. “ಕರಬಸಪ್ಪ, ಹೇಳಿದ್ದಕ್ಕಿಂತ ಹೆಚ್ಚ ಕೊಡ್ತೇನಿ. ಈಗ ಹೊಡಕೊಂಡ ಹೋಗ್ತೇನಿ.”

ಹಾಳಾಯಿತು! ನಾನೇ ಒಳ್ಳೆಯದು ಮಾಡಿ ನಾನೇ ಕಳೆದುಕೊಂಡೆ!

ಇವರು ಪಟ್ಟಿನ ಕೈಯನ್ನು ಎದೆಗೆ ಒತ್ತಿಕೊಂಡು ನಿಧಾನವಾಗಿ ಹೇಳಿದರು: “ನಾ ಮಾತು ಕೊಟ್ಟಿದ್ದು ಹ್ಯಾಂಡಲ್ ಗಾಡಿಗೆ, ಮಲ್ಲೇಶಪ್ಪಾರ. ಇದು ಬಟನ್ ಗಾಡಿ. ಇದರ ಮಾತು ಅಕಿ ಕೂಡ ಆಡ್ರಿ.”

ಎಲ್ಲರೂ ನನ್ನತ್ತ ತಿರುಗಿದರು. “ಕೊಡೂದಿಲ್ರಿ” ಅಂದೆ. ಇಂಜಿನ್ ಸದ್ದಿಗೆ ಕೇಳಿಸಲಿಲ್ಲ. ಬಂದ್ ಮಾಡಿ ಇನ್ನೊಮ್ಮೆ ಅಂದೆ. “ಕೊಡೂದಿಲ್ರಿ.”

ಮಲ್ಲೇಶಪ್ಪ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಚಹಾ ಕುಡಿಯುತ್ತ, ಬಟನ್ ಸರಿ ಮಾಡಿದವರು ಯಾರೆಂದು ವಿಚಾರಿಸಿದರು. ಇನ್ನೊಂದು ಕಪ್ ಕೇಳಿದರು. ಎದ್ದು ಹೋಗುವಾಗ, “ನಮ್ಮ ಹಿತ್ತಲದಾಗೂ ಇಂಥದೊಂದು ಬಿದ್ದೈತಿ. ಆ ಸವಣೂರ ಮಿಸ್ತ್ರಿ ಮನಿ ಯಾವ ಓಣ್ಯಾಗ ಬರ್ತೈತಿ, ಹೇಳವ್ವ” ಅಂದರು.

೯ ಜೂನ್, ಶನಿವಾರ

ಮೃಗಶಿರೆ ಹುಟ್ಟಿತು, ಮಿರಗ ಮಳೆ. ಬಿತ್ತನೆ. ಬರೆಯಲು ಪುರುಸೊತ್ತಿಲ್ಲ. ಮುಳ್ಳು ಪ್ಲಸ್.

೧೪ ಜೂನ್, ನಸುಕು

ಆಡೂರಿನಿಂದ ನಿನ್ನೆ ಸುದ್ದಿ ಬಂತು. ಅತ್ತೆಯ ತಂಗಿ ದುರಗವ್ವನ ಎತ್ತು ಕಾಲು ಉಳುಕಿ ನಿಂತಿದೆ. ಹೊಲ ಹಾಗೇ ಬಿದ್ದಿದೆ. ಅತ್ತೆ ನನ್ನನ್ನು ಕೇಳದೆ ಮಾತು ಕೊಟ್ಟೇಬಿಟ್ಟಿದ್ದಾರೆ: “ನಮ್ಮ ಸರೋಜಾ ಬರ್ತಾಳ, ಗಾಡಿ ತಗೊಂಡು.” ಹಾನಗಲ್ ರಸ್ತೆಯಲ್ಲಿ, ಊರೂರು ದಾಟಿ, ನಾನು! ಹೊಲ ಬಿಟ್ಟು ರಸ್ತೆಗೆ ಇಳಿದೇ ಇಲ್ಲ ಇದುವರೆಗೆ. ರಾತ್ರಿ ನಿದ್ದೆ ಬರಲಿಲ್ಲ. ಹೆದರಿಕೆಯೋ ಸಂತೋಷವೋ ತಿಳಿಯದು. ಇವರು ಟ್ರಾಲಿಯಲ್ಲಿ ನೇಗಿಲು ಕಟ್ಟುತ್ತಿದ್ದಾರೆ. ಅತ್ತೆ ಆಗಲೇ ಮಡ್‌ಗಾರ್ಡ್ ಮೇಲೆ, ಮಡಿಲಲ್ಲಿ ರೊಟ್ಟಿಗಂಟು, ಅಲ್ಲಿಂದಲೇ ಕೂಗು—

“ಏ ಸರೋಜಾ, ಬರಿಯೂದು ಬಿಟ್ಟು ಬಾ! ಮೋಡ ಏರಾಕತ್ತೈತಿ!”

ಬಂದೆ. ಉಳಿದದ್ದು ಆಡೂರಿನಿಂದ ಬಂದ ಮೇಲೆ.