ಇಲ್ಲದ ಬ್ರೇಕು

ಮಾರ್ಚ್ 4, ಬೆಳಿಗ್ಗೆ

ಡ್ರೈವಿಂಗ್ ಸ್ಕೂಲಿನ ಫೋನು ಇವತ್ತೂ ಬೇಗ ಶುರು. ‘ಮೇಷ್ಟ್ರು ಕ್ಲಾಸಿಗೆ ಯಾವಾಗ ಬರ್ತಾರೆ?’ ಒಬ್ಬೊಬ್ಬರಿಗೂ ಇವರ ಸಾವಿನ ಸುದ್ದಿ ಹೇಳಬೇಕು. ಹೇಳಿದೆ. ಇಟ್ಟೆ. ಮತ್ತೆ ರಿಂಗು.

ಭಾವ ಪೊಲೀಸ್ ರಿಪೋರ್ಟಿನ ಕಾಪಿ ತಂದರು. ಅದಿಲ್ಲದೆ ಇನ್ಶೂರೆನ್ಸಿನವರು ಫೈಲನ್ನೇ ತೆರೆಯುವುದಿಲ್ಲವಂತೆ. ಓದಿದೆ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಕಾರು ಚಲಾಯಿಸಿ ಗೋಡೆಗೆ ಗುದ್ದಿರುತ್ತಾರೆ.’ ಯಾರು? ಇವರು! ಅರ್ಧ ಊರಿಗೆ ಸ್ಟೇರಿಂಗ್ ಹಿಡಿಸಿದವರು. ‘ಕ್ಲಚ್ಚು ಅಂದ್ರೆ ಅತ್ತೆ ಇದ್ದ ಹಾಗೆ, ಮೆಲ್ಲಗೆ ಬಿಡಿ, ಇಲ್ಲಾಂದ್ರೆ ನಿಮ್ಮನ್ನೇ ಕುಣಿಸ್ತಾಳೆ’ ಅಂತ ನಗಿಸಿ ಕಲಿಸಿದವರು.

“ಆ ಸಾಲು ಎಲ್ಲಾ ರಿಪೋರ್ಟಲ್ಲೂ ಇರುತ್ತಮ್ಮ, ತಲೆ ಕೆಡಿಸ್ಕೋಬೇಡ,” ಅಂದರು ಭಾವ. “ತಾನೇ ಓಡಿಸ್ತಿದ್ದ ಅಂತಿದೆಯಲ್ಲ, ಅದು ಮುಖ್ಯ. ಓಡಿಸ್ತಿದ್ದ ಓನರ್‌ಗೆ ಮಾತ್ರ ಆ ಕ್ಲೇಮಿನ ದುಡ್ಡು ಸಿಗೋದು.”

ಮಗಳು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋದಳು.

ಮಾರ್ಚ್ 5

ಇಲ್ಲಾದರೂ ನಿಜ ಬರೆಯುತ್ತೇನೆ. ಓಡಿಸುತ್ತಿದ್ದವಳು ಮಗಳು.

ಸ್ಕೂಲಿನ ಕಾರು ರಿಪೇರಿಗೆ ಹೋಗಿತ್ತು. ಮನೆಯ ಕಾರಿನಲ್ಲೇ ಕಲಿಸುತ್ತೇನೆಂದು ಹೊರಟರು. ಅವಳ ಲರ್ನರ್ ಲೈಸೆನ್ಸಿನ ಅವಧಿ ಮುಗಿದಿತ್ತು. ‘ನಾನು ಪಕ್ಕದಲ್ಲಿರ್ತೀನಲ್ಲ!’ ಅಂದರು... ಗೋಡೆಗೆ ಗುದ್ದಿದ ಮೇಲೂ ಇವರಿಗೆ ಪ್ರಜ್ಞೆ ಇತ್ತು. ಪೊಲೀಸರು ಬಂದಾಗ ‘ನಾನೇ ಓಡಿಸ್ತಿದ್ದೆ’ ಅಂದರು. ಆಂಬುಲೆನ್ಸಿನಲ್ಲಿ ಅವಳಿಗೆ ‘ಬಾಯಿ ಬಿಡಬೇಡ’ ಅಂದರು. ಆಸ್ಪತ್ರೆಯಲ್ಲಿ ನನಗೂ ಭಾವನಿಗೂ ಇದನ್ನೆಲ್ಲ ಅವರೇ ಹೇಳಿದರು. ಬೆಳಗಾಗುವಷ್ಟರಲ್ಲಿ ಇಲ್ಲ.

ಮಾರ್ಚ್ 9

ಅಂಗಡಿಯಲ್ಲಿ ಎದುರುಮನೆಯಾಕೆ: “ಮೇಷ್ಟ್ರೇ ಹಿಂಗೆ ಓಡಿಸಿದ್ರೆ ಕಲಿತೋರ ಗತಿ ಏನ್ರೀ?” ಕೇಳಿಸದವಳ ಹಾಗೆ ಬಂದುಬಿಟ್ಟೆ. ಮಗಳೂ ಜೊತೆಗಿದ್ದಳು. ಊಟ ಮುಟ್ಟಲಿಲ್ಲ.

ಮಾರ್ಚ್ 14, ಮಧ್ಯಾಹ್ನ

ಇನ್ಶೂರೆನ್ಸ್ ತನಿಖೆಯವರು ಬಂದಿದ್ದರು. ಮೆಲುದನಿಯ ಮನುಷ್ಯ. ಗ್ಯಾರೇಜಿನಲ್ಲಿ ಕಾರು ನೋಡಿ ಬಂದಿದ್ದರು.

“ಡ್ರೈವರ್ ಸೀಟು ತುಂಬಾ ಮುಂದಕ್ಕಿದೆ. ನಿಮ್ಮ ಯಜಮಾನ್ರು ಎತ್ತರ ಅಲ್ವಾಮ್ಮ?”

ನೀರಿನ ಲೋಟ ಅವರ ಮುಂದಿಟ್ಟೆ.

“ಪಕ್ಕದ ಸೀಟಲ್ಲಿ ಕಾಲಿಡೋ ಕಡೆ ಮ್ಯಾಟು ಹರಿದಿದೆ. ಆಸ್ಪತ್ರೆ ರಿಪೋರ್ಟಲ್ಲಿ ಅವರ ಬಲಗಾಲಿನ ಹಿಮ್ಮಡಿ ಮುರಿದಿದೆ ಅಂತಿದೆ.”

ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಡೆಗೂ ಒಂದು ಬ್ರೇಕು ಇರುತ್ತದೆ. ಮನೆಯ ಕಾರಿನಲ್ಲಿ ಎಲ್ಲಿಂದ ಬರಬೇಕು? ಇವರ ಕಾಲಿಗೆ ಅದು ಗೊತ್ತಿಲ್ಲ. ಇಲ್ಲದ ಬ್ರೇಕನ್ನು ಮೈಯ ಬಲವೆಲ್ಲ ಹಾಕಿ ಒತ್ತಿದ್ದಾರೆ. ತನಿಖೆಯವರ ಎದುರೇ ಅತ್ತುಬಿಟ್ಟೆ.

“ಪೊಲೀಸ್ ರಿಪೋರ್ಟು ಒಂದು ಹೇಳುತ್ತೆ, ಕಾರು ಇನ್ನೊಂದು ಹೇಳುತ್ತೆ,” ಅಂದರು. “ಯಾರು ಓಡಿಸ್ತಿದ್ರು ಅಂತ ಬರೆದು ಸಹಿ ಹಾಕಿಡಿ. ಸೋಮವಾರ ಬರ್ತೀನಿ.”

ಭಾವನಿಗೆ ಫೋನು ಮಾಡಿದೆ. “ಅವನೇ ಹೇಳಿ ಹೋದ ಮಾತಮ್ಮ ಅದು. ನೀನು ಅಳಿಸ್ತೀಯಾ? ಮಗು ಮೇಲೆ ಕೇಸಾಗ್ಬೇಕಾ? ಸಹಿ ಹಾಕು.”

ಸರಿಯೇ. ಬರೆದೆ. ಇವರೇ ಓಡಿಸುತ್ತಿದ್ದರು ಅಂತ. ಸಹಿ ಮಾತ್ರ ಬಾಕಿ.

ಮಾರ್ಚ್ 16, ಸಂಜೆ

ಮಗಳು ಇವತ್ತು ಬಾಯಿ ಬಿಟ್ಟಳು. ನಾನು ಬಟ್ಟೆ ಮಡಿಸುತ್ತಿದ್ದೆ.

“ಅಮ್ಮಾ, ಅಪ್ಪ ಬೈಲೇ ಇಲ್ಲ. ‘ಬ್ರೇಕು ಪುಟ್ಟಿ, ಬ್ರೇಕು’ ಅಂದ್ರು ಅಷ್ಟೆ. ನಾನು ಗಾಬರೀಲಿ ಆಕ್ಸಿಲರೇಟರ್ ಒತ್ತಿದೆ.”

“ಸುಮ್ನಿರು.”

“ನಾನು ಹೇಳ್ಬಿಡ್ತೀನಿ. ಜನ ಅಪ್ಪನ್ನ ಆಡ್ಕೊಳ್ಳೋದು ನಂಗೆ ಕೇಳೋಕಾಗಲ್ಲ.”

ಬೈದೆ. ಹುಚ್ಚಿ ಅಂದೆ. ಕೇಸು, ಕಾಲೇಜು, ಕ್ಲೇಮು ಕೈತಪ್ಪಿದರೆ ಹೊಟ್ಟೆಗೇನು, ಎಲ್ಲ ಹೇಳಿದೆ. “ಗೊತ್ತು” ಅಂದಳು. ಅಪ್ಪನದೇ ಹಠ. ಆಮೇಲೆ ನನ್ನ ಮಡಿಲಲ್ಲಿ ತಲೆಯಿಟ್ಟು, ಅಂದಿನಿಂದ ಮೊದಲ ಸಲ, ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನ ಇದನ್ನು ಒಬ್ಬಳೇ ನುಂಗಿಕೊಂಡಿದ್ದಳು. ನಾನು ಬರೀ ಕ್ಲೇಮಿನ ಪೇಪರು ಜೋಡಿಸುತ್ತಿದ್ದೆ.

ಮಾರ್ಚ್ 17, ಸೋಮವಾರ ಬೆಳಿಗ್ಗೆ

ಬರೆದಿದ್ದನ್ನು ಹರಿದು ಹಾಕಿದೆ. ಭಾವನಿಗೆ ಹೇಳಿಲ್ಲ. ಮೊದಲು ಠಾಣೆ, ಆಮೇಲೆ ಇನ್ಶೂರೆನ್ಸಿನವರು.

ಮಗಳು ತಲೆ ಬಾಚಿಕೊಂಡು ಗೇಟಿನ ಹತ್ತಿರ ನಿಂತಿದ್ದಾಳೆ. ಕರೆಯುತ್ತಿದ್ದಾಳೆ. ರೀ, ಕ್ಷಮಿಸಿ. ಸಾಯುವಾಗಲೂ ನೀವು ಬಚ್ಚಿಟ್ಟ ಮಗಳನ್ನು ನಾನೇ ಕೈ ಹಿಡಿದು —