ಮೇಲುಬೀದಿಯ ಹನ್ನೊಂದು ಬಾಣಲೆಗಳು

ಶಿಕೆಂಗ್
ಭಾನುವಾರ, ೨೪ ಏಪ್ರಿಲ್ ೨೦೧೧

ಪ್ರೀತಿಯ ಶಿಯೂಜೂ ಅಕ್ಕನಿಗೆ,

ಮೇಲುಬೀದಿಯ ಹನ್ನೊಂದೂ ಮನೆಗಳ, ಎಲೆ ಮಾರುವ ಕಾರ್ಡನ್ನು ಚಹಾ ಕಂಪನಿ ಕಿತ್ತುಕೊಂಡಿದೆ. ತಾವು ಬೆಳೆಸಿದ ಗಿಡದ ಚಿಗುರನ್ನು ತಮ್ಮ ಒಲೆಯ ಮೇಲೆ ಹುರಿದರು ಅನ್ನುವುದೇ ಅವರು ಮಾಡಿದ ಅಪರಾಧ. ಇದು ಅನ್ಯಾಯ. ಮೊದಲು ಇದನ್ನು ಬರೆದುಬಿಟ್ಟೆ, ಕ್ಷೇಮ ಸಮಾಚಾರ ಆಮೇಲೆ.

ನಿನ್ನ ಕೆಮ್ಮು ಬಿಟ್ಟಿತೇ? ಚಿಂಗ್‌ಮಿಂಗ್ ಹಬ್ಬಕ್ಕೆ ಅಂಗಡಿಯವರು ನಿನಗೆ ರಜೆ ಕೊಡಲಿಲ್ಲವಲ್ಲ, ಅಮ್ಮನ ಗೋರಿಯ ಹುಲ್ಲನ್ನು ನಾನೊಬ್ಬಳೇ ಕಿತ್ತೆ. ಸತ್ತವರಿಗೆಂದು ಸುಡುವ ಕಾಗದದಲ್ಲಿ ನಿನ್ನ ಪಾಲನ್ನೂ ನಾನೇ ಸುಟ್ಟೆ. ನಿನ್ನ ಪತ್ರಕ್ಕೆ ಉತ್ತರ ಇಷ್ಟು ತಡವಾದದ್ದಕ್ಕೆ ಬೈಯಬೇಡ. ಎರಡು ಸಲ ಬರೆದು ಹರಿದೆ. ಫೋನಿನಲ್ಲಿ ಹೇಳಿಬಿಡೋಣವೆಂದರೆ, ಆ ಕಡೆ ನಿನ್ನ ಉಸಿರು ಕೇಳಿಸಿದ ಕೂಡಲೇ ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ, ನನಗೆ ಗೊತ್ತು.

ನೀನು ನಿಂತು ಚಹಾ ಬಗ್ಗಿಸುವ ಆ ಅಂಗಡಿಯ ಗೋಡೆಯ ಮೇಲೂ ಬರೆದಿದೆಯಂತಲ್ಲ, ‘ಬೆಟ್ಟದಿಂದ ಬಟ್ಟಲಿನವರೆಗೆ ಒಂದೇ ಕೈ’ ಅಂತ. ಇಲ್ಲಿ ತೂಕದ ಕಟ್ಟೆಯ ಮೇಲೆ ಅದನ್ನೇ ಆಳೆತ್ತರದ ಕೆಂಪು ಅಕ್ಷರದಲ್ಲಿ ಬರೆದಿದ್ದಾರೆ. ಐದು ವರ್ಷದ ಹಿಂದೆ ಬೆಟ್ಟವನ್ನು ಗುತ್ತಿಗೆಗೆ ಬರೆಸಿಕೊಂಡರು. ಆಮೇಲೆ ಕಾರ್ಖಾನೆ, ಆಮೇಲೆ ಲಾರಿ, ಗೋದಾಮು, ಡಬ್ಬಿ, ಕೊನೆಗೆ ನಿಮ್ಮ ಅಂಗಡಿ. ಮಧ್ಯವರ್ತಿಗಳು ತೊಲಗಿದರು ಅಂತ ಮೊದಲ ವರ್ಷ ನಾವು ಪಟಾಕಿ ಹೊಡೆದೆವು, ನೆನಪಿದೆಯಾ? ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಮಧ್ಯವರ್ತಿಗಳು ಕಳ್ಳರೇ, ಇಲ್ಲವೆನ್ನುವುದಿಲ್ಲ. ಆದರೆ ಮೂವರು ಕಳ್ಳರಿದ್ದಾಗ ಒಬ್ಬನಿಗೆ ಇನ್ನೊಬ್ಬನ ಹೆದರಿಕೆ ಇತ್ತು. ಈಗ ಒಬ್ಬನೇ. ಅವನ ಕಟ್ಟೆಗೆ ಮಧ್ಯಾಹ್ನ ಮೂರರೊಳಗೆ ಅಷ್ಟೂ ಹಸಿ ಎಲೆ ತಂದು ಸುರಿಯಬೇಕು, ಮನೆಯಲ್ಲಿ ಒಂದು ಹಿಡಿಯನ್ನೂ ಹುರಿಯುವಂತಿಲ್ಲ. ಕಾರ್ಡು ಇಲ್ಲದವನ ಎಲೆಯನ್ನು ತೂಗುವವರು ಈ ಕಣಿವೆಯಲ್ಲೇ ಯಾರೂ ಉಳಿದಿಲ್ಲ. ಆ ಒಂದೇ ಕೈಯ ಬೆರಳುಗಳು ಯಾರು ಅಂತ ಯೋಚಿಸಿದರೆ ನಗು ಬರುತ್ತದೆ. ಕೊಯ್ಯುವವಳು ನಾನು, ಬಗ್ಗಿಸುವವಳು ನೀನು. ನಡುವೆ ಕಾಯುವವನು ಅಪ್ಪ.

ಅಪ್ಪನ ಕೆಲಸದ ಬಗ್ಗೆ ನಿನಗೆ ಯಾವತ್ತೂ ಪೂರ್ತಿ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು. ಮನೆಯಲ್ಲಿ ಬಾಣಲೆ ಇಟ್ಟುಕೊಳ್ಳುವುದು ತಪ್ಪಲ್ಲ, ಅದು ಬಿಸಿಯಾದರೆ ತಪ್ಪು. ಬಾಗಿಲು ಹಾಕಿಕೊಂಡು ಹುರಿದರೆ ಹಿಡಿಯುವುದು ಹೇಗೆ? ಚಹಾ ಹುರಿಯುವ ವಾಸನೆಯನ್ನು ಮಾತ್ರ ಯಾವ ಬಾಗಿಲೂ ತಡೆಯಲಾರದು. ಅದಕ್ಕೇ ಕಂಪನಿ ಊರಿನ ಅತ್ಯುತ್ತಮ ಮೂಗನ್ನೇ ಕೆಲಸಕ್ಕೆ ಇಟ್ಟುಕೊಂಡಿತು. ಒಂದು ಕಾಲಕ್ಕೆ ಏಳು ಹಳ್ಳಿಗಳ ಚಹಾ ಪಂದ್ಯದಲ್ಲಿ ಬಟ್ಟಲು ಮೂಸಿ ತೀರ್ಪು ಹೇಳುತ್ತಿದ್ದ ನಮ್ಮಪ್ಪ, ಐದು ವಸಂತಗಳಿಂದ ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡು, ದಿನಾ ಸಂಜೆ ಬೀದಿ ಬೀದಿ ಮೂಸುತ್ತಾ ಹೋಗಿ, ಒಂದು ಪುಸ್ತಕದಲ್ಲಿ ಗುರುತು ಹಾಕಿ ಬರುತ್ತಿದ್ದ. ನಾನು ಅವನನ್ನು ಕಂಪನಿಯ ನಾಯಿ ಅಂತ ಕರೆದಿದ್ದೇನೆ. ಅನ್ನದ ಮುಂದೆ ಕೂತಾಗ, ಮುಖದ ಮೇಲೇ. ಅವನು ಬಟ್ಟಲಿಗೆ ಇನ್ನೊಂದು ತುಂಡು ಬಿದಿರುಕಳಲೆ ಹಾಕಿ, “ತಿನ್ನು, ಬೊಗಳೋದು ಆಮೇಲೆ ಬೊಗಳುವಂತೆ” ಅಂದಿದ್ದ.

ಈ ತಿಂಗಳ ಎಂಟನೇ ತಾರೀಕು ನಾನು ಅವನ ಹಿಂದೆಯೇ ಹೋದೆ. ಯಾರ ಮನೆಯನ್ನು ಹಿಡಿದುಕೊಡುತ್ತಾನೆ ನೋಡೋಣ, ಊರಿಗೆಲ್ಲ ಸಾರೋಣ ಅಂತಲೇ ಹೋದೆ. ಮೇಲುಬೀದಿಗೆ ತಿರುಗಿದ ಕೂಡಲೇ ಘಮ್ಮೆಂದಿತು ಅಕ್ಕ. ನನ್ನ ಮೊಂಡು ಮೂಗಿಗೇ ಗೊತ್ತಾಗುವಷ್ಟು. ಒಂದು ಮನೆಯಲ್ಲ, ಇಡೀ ಬೀದಿ. ಅಪ್ಪ ಚೆಂಗ್ ಅತ್ತೆಯ ಕಿಟಕಿಯ ಕೆಳಗೆ ನಿಂತ, ಶೂ ದಾರ ಕಟ್ಟಿಕೊಳ್ಳುವವನಂತೆ ಬಗ್ಗಿದ. ಗಂಡ ಸತ್ತ ಮೇಲೆ ಒಬ್ಬಳೇ ತೋಟ ನೋಡಿಕೊಳ್ಳುವ ಆ ಮುದುಕಿಯನ್ನು ಹಿಡಿದೇಬಿಟ್ಟ ಅಂದುಕೊಂಡು ನಾನು ಮುಷ್ಟಿ ಬಿಗಿದೆ. ಅವನು ಮೆಲ್ಲಗೆ ಹೇಳಿದ್ದು ಇಷ್ಟು:

“ಅತ್ತಿಗೆ, ಬೆಂಕಿ ಜೋರಾಯ್ತು. ಅಂಚು ಸೀಯ್ತಾ ಇದೆ. ಎರಡು ಸೌದೆ ಈಚೆಗೆಳೀರಿ.”

ಒಳಗಿನಿಂದ, “ಕಣ್ಣು ಕಾಣಲ್ಲ ಮಾರಾಯ, ಕೈನೂ ಮರಗಟ್ಟೋಗಿದೆ. ಈಗ?” ಅಂತ ಬಂತು.

ಅಪ್ಪ ಗಾಳಿ ಎಳೆದುಕೊಂಡ. “ಈಗ ಸರಿ. ಇನ್ನು ನೂರು ಸಲ ಆಡ್ಸಿ, ಇಳ್ಸಿಬಿಡಿ.”

ಹೀಗೇ ಆ ಕೊನೆಯವರೆಗೂ ಹೋದ. ಒಂದು ಮನೆಯ ಎಲೆ ಇನ್ನೂ ಹಸಿ ಅಂದ, ಇನ್ನೊಂದು ಮನೆಯವರಿಗೆ ಬಾಣಲೆ ಒರೆಸಿಕೊಳ್ಳಿ, ನಿನ್ನೆಯ ಪುಡಿ ಕರಕಲಾಗಿದೆ ಅಂದ. ಗೋಡೆಯಾಚೆಯಿಂದ ಮೂಗಿನಲ್ಲೇ ಹನ್ನೊಂದು ಮನೆಗಳ ಚಹಾವನ್ನು ಹದಕ್ಕೆ ತಂದು, ಕೊನೆಗೆ ಪುಸ್ತಕ ತೆಗೆದು ‘ವಾಸನೆ ಇಲ್ಲ’ ಅಂತ ಬರೆದ. ಆ ರಾತ್ರಿ ಕದ್ದು ಪುಸ್ತಕ ತೆರೆದು ನೋಡಿದೆ, ಐದು ವರ್ಷದಿಂದ ಅದೇ ಬರೆಯುತ್ತಾ ಬಂದಿದ್ದಾನೆ. ಆ ಚಹಾ ಒಂದಿಷ್ಟು ಅವರ ಮನೆಗೆ, ಒಂದಿಷ್ಟು ಪಟ್ಟಣದಲ್ಲಿರುವ ಮಕ್ಕಳಿಗೆ, ಉಳಿದದ್ದು ಯಾರದೋ ಬೆನ್ನ ಮೇಲೆ ಗುಡ್ಡ ದಾಟಿ ಆಚೆ ಜಿಲ್ಲೆಗೆ.

ಆ ದಿನ ನಾನು ಓಡಿಹೋಗಿ ಅವನ ಕಾಲು ಹಿಡಿಯಬೇಕಿತ್ತು. ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿ ಅವನಿಗೆ ಬಿಸಿನೀರು ಕಾಯಿಸಬೇಕಿತ್ತು. ನಾನು ಮಾಡಿದ್ದೇನು ಗೊತ್ತೇ? ಕರಪತ್ರ ಬರೆದೆ.

ಪೇಟೆಯ ಹಳೆ ಪುಸ್ತಕದವನ ಹತ್ತಿರ ನಾನು ಕೊಳ್ಳುವ ಆ ತೆಳ್ಳನೆ ಪುಸ್ತಕಗಳನ್ನು ನೋಡಿ ನೀನು ನಗುತ್ತಿದ್ದೆಯಲ್ಲ. ಅವುಗಳಲ್ಲೊಂದರಲ್ಲಿ ‘ಬಚ್ಚಿಟ್ಟ ಪ್ರತಿಭಟನೆ ಅರ್ಧ ಶರಣಾಗತಿ’ ಅಂತ ಓದಿದ್ದೆ. ಅದಕ್ಕೆ ಕೆಂಪು ಗೆರೆ ಎಳೆದಿದ್ದೆ. ಮೇಲುಬೀದಿಯ ಕತೆ ತಿಳಿದರೆ ಕೆಳಬೀದಿಯವರೂ ಒಲೆ ಹಚ್ಚುತ್ತಾರೆ, ನೂರು ಬಾಣಲೆ ಬಿಸಿಯಾದರೆ ಕಂಪನಿ ಯಾರ ಕಾರ್ಡನ್ನು ಕೀಳುತ್ತದೆ ಅಂದುಕೊಂಡೆ. ಈಗಲೂ ಆ ಲೆಕ್ಕಾಚಾರ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆದರೆ ಕೆಳಬೀದಿಯಲ್ಲಿ ಒಬ್ಬರೂ ಒಲೆ ಹಚ್ಚಲಿಲ್ಲ. ‘ಈ ಊರಿನಲ್ಲಿ ಹನ್ನೊಂದು ಬಾಣಲೆಗಳು ಇನ್ನೂ ತಣ್ಣಗಾಗಿಲ್ಲ. ಮೇಲುಬೀದಿಗೆ ನಮಸ್ಕಾರ. ಕಂಪನಿಯ ಮೂಗಿಗೂ ಇದು ಗೊತ್ತು, ಅದು ನಮ್ಮ ಕಡೆಯದು’ ಅಂತ ಬರೆದು, ಪೇಟೆಯಲ್ಲಿ ಅರುವತ್ತು ಪ್ರತಿ ತೆಗೆಸಿ, ಹನ್ನೆರಡನೇ ತಾರೀಕು ಬೆಳಗಾಗುವಷ್ಟರಲ್ಲಿ ತೂಕದ ಕಟ್ಟೆಯ ಸುತ್ತ ಅಂಟಿಸಿದೆ. ಯಾರ ಹೆಸರನ್ನೂ ಬರೆಯಲಿಲ್ಲ. ಹೆಸರು ಬರೆಯದಿರುವಷ್ಟು ಜಾಣತನ ನನಗಿದೆ ಅಂತ ಹೆಮ್ಮೆಪಟ್ಟೆ.

ಕೈಬರಹ ನನ್ನದೆಂದು ಎರಡೇ ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ಹದಿನೈದಕ್ಕೆ ಕಂಪನಿಯ ವ್ಯವಸ್ಥಾಪಕ ಲ್ಯೂ ಎಲ್ಲರನ್ನೂ ಕಟ್ಟೆಯ ಮುಂದೆ ಸೇರಿಸಿದ. ಅವನು ಕೂಗಾಡುವವನಲ್ಲ, ಹಿರಿಯರಿಗೆಲ್ಲ ತಾನೇ ಬೆಂಚು ಹಾಕಿಸಿದ. ಸಂಜೆಯೊಳಗೆ ಹನ್ನೊಂದು ಕಾರ್ಡುಗಳೂ ಹೋದವು. ಆ ಸಭೆಯ ವಿಷಯ ಇಷ್ಟು ಸಾಕು.

ನಾನು ಚೆಂಗ್ ಅತ್ತೆಯ ಮನೆಗೆ ಕ್ಷಮೆ ಕೇಳಲು ಹೋದೆ. ಬಾಗಿಲಲ್ಲೇ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ, ಒಳಗೆ ಕರೆದು ಕೂರಿಸಿದರು.

“ನಿನ್ನ ಕಾಗದ ಮೊಮ್ಮಗಳ ಕೈಲಿ ಓದಿಸ್ದೆ. ಚೆನ್ನಾಗ್ ಬರೆದಿದ್ದೀಯ. ಹೆಸ್ರು ಹಾಕಿಲ್ಲ ಅಂತ ಹೇಳ್ಕೊಂಡು ತಿರುಗ್ತಾ ಇದ್ದೀಯಂತೆ?”

“ಒಂದು ಹೆಸ್ರೂ ಹಾಕಿಲ್ಲ ಅತ್ತೆ.”

“ಮೇಲುಬೀದೀಲಿ ಇರೋದೇ ಹನ್ನೊಂದು ಮನೆ ಕಣೇ, ಪುಸ್ತಕದ ಹುಳುವೇ.”

ನಾನು ಹುಟ್ಟಿ ಬೆಳೆದ ಊರು ಅಕ್ಕ. ಆ ಮನೆಗಳನ್ನು ನಾನು ಎಂದೂ ಎಣಿಸಿರಲಿಲ್ಲ.

ಅವರು ಬೈಯಲಿಲ್ಲ. ಬಟ್ಟಲು ತುಂಬ ಬಿಸಿನೀರು ಕೊಟ್ಟರು, ಬರಿಯ ನೀರು. ಒಲೆಯ ಮೇಲೆ ಅವರ ಬಾಣಲೆ ಇತ್ತು. ಮದುವೆಯಾಗಿ ಬಂದಾಗಿನಿಂದ ಒಂದು ತೊಟ್ಟು ಎಣ್ಣೆಯನ್ನೂ ತಾಕಿಸದೆ, ಚಹಾಕ್ಕೆಂದೇ ಕಾಪಾಡಿಕೊಂಡು ಬಂದ ಬಾಣಲೆ. ಅದರಲ್ಲಿ ಹಂದಿಗೆ ಗೆಣಸಿನ ಬಳ್ಳಿ ಬೇಯುತ್ತಿತ್ತು. ಇನ್ನು ಅದರಲ್ಲಿ ಚಹಾ ಹುರಿಯಲಾಗದು, ಎಷ್ಟು ಉಜ್ಜಿದರೂ ಆಗದು, ನಿನಗೆ ಗೊತ್ತಲ್ಲ. ಹೊರಗೆ ಅವರ ಗಿಡಗಳಲ್ಲಿ ಯಾರೂ ಕೊಯ್ಯದ ಎಲೆ ಕರುವಿನ ಕಿವಿಯಷ್ಟು ಬೆಳೆದು ಗಟ್ಟಿಯಾಗಿದೆ. ಈ ವಸಂತ ಮುಗಿಯಿತು. ಗುಡ್ಡ ದಾಟುವ ದಾರಿಗೆ ಕಂಪನಿ ಅಡ್ಡಗಂಬ ಹಾಕಿದೆ. ಮುಂದಿನ ವಸಂತಕ್ಕೆ ಮೇಲುಬೀದಿಯಲ್ಲಿ ಯಾರಿರುತ್ತಾರೋ ಹೇಳಲಾರೆ. ಮೂರು ಮನೆಯವರು ಆಗಲೇ ಇಟ್ಟಿಗೆ ಭಟ್ಟಿಯ ಕೆಲಸ ಕೇಳಿಕೊಂಡು ಹೋದರು.

ಅಪ್ಪನನ್ನು ಕಂಪನಿ ತೆಗೆದುಹಾಕಲಿಲ್ಲ. ತೆಗೆದುಹಾಕಿದ್ದರೆ ಚೆನ್ನಾಗಿತ್ತು. ಅವನನ್ನು ಹೆಫೆಗೆ, ನಿನ್ನ ಅಂಗಡಿಗೇ ಕಳಿಸುತ್ತಿದ್ದಾರೆ. ಮೇ ಒಂದರ ರಜೆಯಿಂದ ಶುರು. ಗಾಜಿನ ಕಿಟಕಿಯ ಹಿಂದೆ ಒಂದು ಬಾಣಲೆ ಇಡುತ್ತಾರಂತೆ, ಬೆಂಕಿ ಇಲ್ಲದ್ದು. ಅದರಲ್ಲಿ ಕಾರ್ಖಾನೆಯಲ್ಲಿ ಆಗಲೇ ಹುರಿದು ಮುಗಿಸಿದ ಚಹಾ. ಅಪ್ಪ ಅದನ್ನು ಬೆಳಗಿನಿಂದ ಸಂಜೆಯವರೆಗೆ ಕೈಯಾಡಿಸುತ್ತಾ ಕೂರಬೇಕು, ಗಿರಾಕಿಗಳು ಫೋಟೋ ತೆಗೆದುಕೊಳ್ಳಬೇಕು. ಒಲ್ಲೆನೆಂದರೆ ನಮ್ಮ ಕಾರ್ಡೂ ಹೋಗುತ್ತದೆ. ಅವನು ಒಲ್ಲೆ ಅನ್ನಲಿಲ್ಲ. “ಅಲ್ಲಿ ಇಳಿದುಕೊಳ್ಳೋಕೆ ಜಾಗ ಕೊಡ್ತಾರಾ?” ಅಂತ ಮಾತ್ರ ಕೇಳಿದನಂತೆ. ಚಹಾದ ಕಾಲದಲ್ಲಿ ಮೂಗು ಕೆಡುತ್ತದೆ ಅಂತ ಬೆಳ್ಳುಳ್ಳಿಯನ್ನು ಮುಟ್ಟದ ಮನುಷ್ಯ, ಸಭೆಯಿಂದ ಬಂದವನೇ ಒಂದು ಗೆಡ್ಡೆ ಹಸಿ ಬೆಳ್ಳುಳ್ಳಿ ಸುಲಿದುಕೊಂಡು ಅನ್ನದ ಜೊತೆ ತಿಂದ. ಅಂದಿನಿಂದ ದಿನವೂ ತಿನ್ನುತ್ತಾನೆ. ನನ್ನ ಜೊತೆ ಮಾತಿಲ್ಲ. ಬೈಗುಳವೂ ಇಲ್ಲ.

ನಾನು ಸುಮ್ಮನಿಲ್ಲ. ಜಿಲ್ಲಾ ಕಚೇರಿಗೆ ಅರ್ಜಿ ಬರೆದೆ. ತೆಗೆದುಕೊಂಡ ಗುಮಾಸ್ತ ಬಹಳ ಮರ್ಯಾದೆಯಿಂದ, ಕಂಪನಿಯ ಡಬ್ಬಿಯಿಂದಲೇ ಚಿಟಿಕೆ ತೆಗೆದು ನನಗೆ ಚಹಾ ಮಾಡಿಕೊಟ್ಟ. ಉತ್ತರ ಬರುವುದಿಲ್ಲ ಅಂತ ಆಗಲೇ ಗೊತ್ತಾಯಿತು. ಮತ್ತೆ ಬರೆಯುತ್ತೇನೆ. ಬರೆಯುವುದರಿಂದ ಏನೂ ಆಗುವುದಿಲ್ಲ ಅನ್ನುವುದೂ ಈಗ ಗೊತ್ತು.

ನಿನ್ನ ಎದೆ ಹಗುರಾಗಲಿ, ರಾತ್ರಿ ಒಳ್ಳೆಯ ನಿದ್ದೆ ಬರಲಿ. ಆ ಊರಿನ ಹೊಗೆ ನಿನ್ನನ್ನು ಕಾಡದಿರಲಿ.

ನಿನ್ನ ತಂಗಿ
ಯೂಲಾನ್

ಕೊನೆಗೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು. ಹನ್ನೊಂದು ಮನೆಗಳನ್ನು ಕೆಡಿಸಿದ್ದು ನನ್ನ ಕರಪತ್ರವಲ್ಲ ಅಕ್ಕ. ಸಭೆಯಲ್ಲಿ ಲ್ಯೂ ಅದನ್ನು ಓದಿ, ಇದು ನಿಜವೇ ಅಂತ ಅಪ್ಪನನ್ನು ಕೇಳಿದ. ಅಪ್ಪ ನಗುನಗುತ್ತಾ, “ಹುಡುಗಿ ಪುಸ್ತಕ ಓದಿ ಓದಿ ತಲೆ ಕೆಡಿಸ್ಕೊಂಡಿದ್ದಾಳೆ ಸಾಹೇಬ್ರೇ. ಮೇಲುಬೀದಿ ತಣ್ಣಗಾಗಿ ಐದು ವರ್ಷ ಆಯ್ತು. ಎಲ್ಲಾ ಇವಳ ಕಟ್ಟುಕತೆ” ಅಂದ. ಮದುವೆ ಮಾಡಿ, ಸರಿಹೋಗ್ತಾಳೆ ಅಂತ ಯಾರೋ ಅಂದರು. ಎಲ್ಲರೂ ನಕ್ಕರು, ಲ್ಯೂ ಕೂಡ ನಕ್ಕು ಕಾಗದ ಮಡಚಿ ಜೇಬಿಗಿಟ್ಟ. ಅಲ್ಲಿಗೆ ಮುಗಿದಿತ್ತು. ಹೋಗುವ ಮೊದಲು ತಮಾಷೆಗೆ ನನ್ನತ್ತ ತಿರುಗಿ, “ಹಾಗಾದ್ರೆ ಬರೀ ಸುಳ್ಳು ಬರೆದ್ಯೇನಮ್ಮಾ?” ಅಂದ. ನಾನು ತಲೆ ತಗ್ಗಿಸಿದ್ದರೆ ಸಾಕಿತ್ತು. ಮೇಲುಬೀದಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಪ್ಪ ಮಾತ್ರ ನೋಡಲಿಲ್ಲ.

“ಸುಳ್ಳಲ್ಲ” ಅಂದೆ. “ಬೆಂಕಿ ಜೋರಾಯ್ತು ಅಂತ ಅಪ್ಪ ಚೆಂಗ್ ಅತ್ತೆಗೆ ಹೇಳಿದ್ದನ್ನ ನಾನೇ ಕಿವಿಯಾರೆ ಕೇಳಿದೀನಿ.”

ಸತ್ಯಕ್ಕಾಗಿ ಹೇಳಿದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅಷ್ಟು ಜನರ ಮುಂದೆ ಸುಳ್ಳಿ ಅನ್ನಿಸಿಕೊಳ್ಳುವುದನ್ನು ತಡೆಯಲಾರದೆ ಹೇಳಿದೆ, ಅಷ್ಟೇ.

ಬಸ್‌ಸ್ಟ್ಯಾಂಡಿನವರೆಗೂ ಬರಬೇಡ ಅಂತ ಅಪ್ಪ ಪಕ್ಕದ ಮನೆಯವರ ಕೈಲಿ ನನಗೆ ಹೇಳಿ ಕಳಿಸಿದ್ದಾನೆ. ಅವನು ಆ ಊರನ್ನು ನೋಡಿಲ್ಲ, ಯಾರನ್ನೂ ದಾರಿ ಕೇಳುವವನಲ್ಲ. ಅಂಗಡಿಯಲ್ಲಿ ರಜೆ ಕೊಡದಿದ್ದರೂ ನೀನು ಹೋಗಿ ನಿಂತಿರು: ಹೆಫೆಯ ದಕ್ಷಿಣ ಬಸ್ ನಿಲ್ದಾಣ, ಏಪ್ರಿಲ್ ಮೂವತ್ತು, ಶನಿವಾರ, ಮಧ್ಯಾಹ್ನ ಹನ್ನೆರಡೂವರೆ.